ಕೋರ್ಟಿಗೆ ಇಟ್ಟ ತಪ್ಪುಕಾಣಿಕೆ

ಶಿರಿಯದ ಅಮ್ಮಣಿ ಬಾಯಿ ತೆರೆದಳೆಂದರೆ ಹೊಳೆಯ ಆಚೆ ದಡದವರೂ ತಲೆ ಎತ್ತಿ ನೋಡುತ್ತಿದ್ದರು. ಮೀನು ಮಾರುವ ಹೆಂಗಸಿಗೆ ಗಂಟಲು ಬೇಕು, ಒಪ್ಪುವ ಮಾತೇ. ಆದರೆ ಇವಳದು ಬರೀ ಗಂಟಲಲ್ಲ. ಬಂಗುಡೆಯ ಬುಟ್ಟಿ ತಲೆಗೇರಿಸಿ ಕುಂಬಳೆಯ ದಾರಿ ಹಿಡಿದಳೆಂದರೆ, ಎದುರು ಸಿಕ್ಕವರ ಮನೆಯ ಸುದ್ದಿಯನ್ನೆಲ್ಲ ವಿಚಾರಿಸಿ, ಅರ್ಧಕ್ಕೆ ಬುದ್ಧಿ ಹೇಳಿ, ಉಳಿದರ್ಧಕ್ಕೆ ಬೈದು, ಅದರ ನಡುವೆಯೇ ಮೀನನ್ನೂ ಮಾರಿ ಮುಗಿಸುವಳು. ಅವಳಿಂದ ನಾಲ್ಕು ಮಾತು ಬೈಸಿಕೊಳ್ಳದೆ ಮೀನು ಕೊಂಡರೆ ರುಚಿಯಿಲ್ಲ ಎನ್ನುವ ಗಿರಾಕಿಗಳೂ ಇದ್ದರು.

ಅವಳ ತಮ್ಮ ಮಂಜ ಇದಕ್ಕೆ ತದ್ವಿರುದ್ಧ. ಅಕ್ಕ ಇಷ್ಟು ಮಾತಾಡುವಾಗ ತಾನೂ ಆಡಿ ಎಂತಕ್ಕೆ ಗಾಳಿ ಹಾಳುಮಾಡುವುದು ಎಂಬ ಹಾಗೆ ಇದ್ದುಬಿಟ್ಟಿದ್ದ. ಅಮ್ಮಣಿಯ ಗಂಡನನ್ನು ಸಮುದ್ರ ತೆಗೆದುಕೊಂಡಾಗ ಮಗಳು ಕಿನ್ನಿ ಇನ್ನೂ ತೊಟ್ಟಿಲಲ್ಲಿದ್ದಳು. ಅಳಿಯಕಟ್ಟಿನ ಮನೆ; ಆಸ್ತಿಯೆಂದು ಹೇಳಿಕೊಳ್ಳುವಂಥದ್ದು ಏನಿಲ್ಲದಿದ್ದರೂ ಮನೆಯ ಬಳ್ಳಿ ಹಬ್ಬುವುದು ಹೆಣ್ಣಿನ ಕಡೆಯಿಂದ. ಹಾಗಾಗಿ ಕಿನ್ನಿಗೆ ಅಪ್ಪನ ಜಾಗದಲ್ಲೂ ಯಜಮಾನನ ಜಾಗದಲ್ಲೂ ಇದ್ದವನು ಸೋದರಮಾವ ಮಂಜನೇ. ಅವನು ಮದುವೆಯ ಮಾತೆತ್ತಿದವರಿಗೆಲ್ಲ, "ಮೊದಲು ಕಿನ್ನಿಯದ್ದು ಆಗಲಿ" ಎಂದು ಹೇಳಿ ಕಳಿಸಿಬಿಡುತ್ತಿದ್ದ. ಅಮ್ಮಣಿಗೆ ಆ ತಮ್ಮನೆಂದರೆ ಪ್ರಾಣ. ಊರಿನಲ್ಲಿ ಅವಳು ಬೈಯದೆ ಬಿಟ್ಟ ಒಬ್ಬನೇ ಗಂಡಸು ಅವನು.

ಮಂಜ ತಂಡೇಲ. ಎಂದರೆ ದೋಣಿಯ ಮುಖ್ಯಸ್ಥ, ಗಾಳಿ ನೋಡಿ ಹಾಯಿ ಬಿಚ್ಚಿಸುವವನು. ಅವನು ನಡೆಸುತ್ತಿದ್ದದ್ದು ಮೀನಿನ ದೋಣಿಯಲ್ಲ, ಜನಾರ್ದನ ಎಂಬ ಅಕ್ಕಿ ವ್ಯಾಪಾರಿಯ ಸರಕಿನ ದೋಣಿ. ಈ ಜನಾರ್ದನನ ಹೆಂಡತಿಯ ಅಣ್ಣ ರಾಜಧಾನಿಯಲ್ಲಿ ಮಂತ್ರಿ. ಮಂತ್ರಿಯ ಭಾವನೆಂದರೆ ನಮ್ಮ ಕಡೆ ಅರ್ಧ ಮಂತ್ರಿ. ಜನಾರ್ದನನಾದರೋ ತನ್ನನ್ನು ಮುಕ್ಕಾಲು ಎಂದೇ ತಿಳಿದಿದ್ದ.

ಅದು ಸ್ವಾತಂತ್ರ್ಯ ಬಂದ ಹೊಸತು. ಬ್ರಿಟಿಷರು ಹೋಗಿದ್ದರು, ಅವರ ರೇಷನ್ ಹೋಗಿರಲಿಲ್ಲ. ಅಕ್ಕಿಗೆ ಕಂಟ್ರೋಲು. ಒಂದು ಜಿಲ್ಲೆಯ ಅಕ್ಕಿ ಇನ್ನೊಂದು ಜಿಲ್ಲೆಗೆ ಪರ್ಮಿಟ್ ಇಲ್ಲದೆ ದಾಟುವಂತಿಲ್ಲ. ರೇಷನ್ ಅಂಗಡಿಯಲ್ಲಿ ಹುಳ ಹಿಡಿದ ನುಚ್ಚಿಗಾಗಿ ಜನ ಬಿಸಿಲಲ್ಲಿ ನಿಂತು ಜಗಳಾಡುತ್ತಿದ್ದ ಕಾಲದಲ್ಲಿ, ಅದೇ ಅಂಗಡಿಗಳಿಗೆಂದು ಬಂದ ಒಳ್ಳೆಯ ಕುಚ್ಚಲಕ್ಕಿ ಮೂಟೆಮೂಟೆಯಾಗಿ ಹೊಳೆ ಕಡಲು ಸೇರುವ ಶಿರಿಯದ ಅಳಿವೆಯಿಂದ ಹೊರಟು ತೆಂಕಣ ಮಲಬಾರಿಗೆ ಹೋಗುತ್ತಿತ್ತು. ಹೇರಿಸುವವನು ಜನಾರ್ದನ, ದಡದಲ್ಲಿ ತಾನೇ ಕೊಡೆ ಹಿಡಿದು ನಿಂತು. ಮಂಜ ಒಮ್ಮೆ ಪರ್ಮಿಟ್ಟಿನ ಬಗ್ಗೆ ಕೇಳಿದ್ದ. "ನನ್ನ ಕಿಸೆಯಲ್ಲಿ ಉಂಟು, ನೀನು ಹಾಯಿ ನೋಡು ಮಾರಾಯ" ಎಂದಿದ್ದ ಜನಾರ್ದನ.

ಹೊಸದಾಗಿ ಬಂದ ಒಬ್ಬ ಪೊಲೀಸ್ ಅಧಿಕಾರಿಗೆ ಯಾರು ಯಾರ ಭಾವನೆಂದು ಇನ್ನೂ ತಿಳಿದಿರಲಿಲ್ಲ. ಅವನು ದೋಣಿಯನ್ನು ಅಳಿವೆಯಲ್ಲೇ ಹಿಡಿದ. ಜನಾರ್ದನನ ಹೆಸರೂ ಮಂಜನ ಹೆಸರೂ ಒಂದೇ ಕೇಸಿನಲ್ಲಿ ಬಿದ್ದವು. ರಾಜಧಾನಿಯಲ್ಲಿ ವಿರೋಧ ಪಕ್ಷದವರು ಎದ್ದು ನಿಂತು, ಜನರ ಅನ್ನ ಕದ್ದ ಮಂತ್ರಿಯ ಮನೆಯವರು ಎಂದು ಬೊಬ್ಬೆ ಹೊಡೆದರು. ಪತ್ರಿಕೆಗಳಲ್ಲಿ ಶಿರಿಯ ಎಂಬ ಹೆಸರು ಅಚ್ಚಾಯಿತು. ಅಲ್ಲಿಯವರೆಗೆ ಆ ಹೆಸರು ರೈಲಿನ ಟಿಕೇಟಿನ ಮೇಲೂ ಬಂದಿರಲಿಲ್ಲ.

ಗುರಿಕಾರರು, ಎಂದರೆ ಮೊಗವೀರರ ಊರಿನ ಹಿರಿಯರು, ಜಾಮೀನು ನಿಂತು ಮಂಜನನ್ನು ಮನೆಗೆ ಕರೆತಂದರು. ಮಂಜ ಅಂದು ಊಟಕ್ಕೆ ಕೂತವನು ಅಕ್ಕನಿಗೆ ಹೇಳಿದ್ದು ಇಷ್ಟೆ: "ನಾನು ಕಂಡದ್ದನ್ನು ಕಂಡ ಹಾಗೆ ಹೇಳುವವನೇ. ಹೇರಿಸಿದ್ದು ಅವ. ಕೊಡೆ ಹಿಡಿದು ನಿಂತದ್ದು ಅವ."

"ಹೇಳು, ಹೇಳದೆ ಎಂತ," ಎಂದಳು ಅಮ್ಮಣಿ. ಆ ಹೊತ್ತಿಗೆ ಅವಳ ಮನಸ್ಸು ನೆಟ್ಟಗಿತ್ತು. ಅದನ್ನು ಬಗ್ಗಿಸಿದವರು ದೊಡ್ಡ ವಕೀಲರು.

ವೆಂಕಟಕೃಷ್ಣ ಭಟ್ಟರು ಮುಳ್ಳೇರಿಯದ ಕಡೆಯವರು. ಓದಿ, ಬೆಳೆದು, ಸರಕಾರಕ್ಕೇ ಕಾನೂನು ಹೇಳಿಕೊಡುವ ಹುದ್ದೆಗೆ ಏರಿದ್ದವರು. ಯಾವ ಕೇಸು ನಡೆಸಬೇಕು, ಯಾವುದನ್ನು ಕೈಬಿಡಬೇಕು ಎಂಬುದಕ್ಕೆ ರಾಜಧಾನಿಯಲ್ಲಿ ಅವರ ಅಭಿಪ್ರಾಯವೇ ಕೊನೆ. ಆ ಹುದ್ದೆಯ ಇಂಗ್ಲಿಷ್ ಹೆಸರು ನಾಲಗೆಗೆ ಹೊರಳದೆ ಊರವರು ಅವರನ್ನು ದೊಡ್ಡ ವಕೀಲರು ಎಂದೇ ಕರೆಯುತ್ತಿದ್ದರು. ನಮ್ಮ ಸೀಮೆಯ ಒಬ್ಬರು ಅಷ್ಟು ಎತ್ತರಕ್ಕೆ ಹೋದರೆಂದು ಅವರನ್ನು ಕಣ್ಣಾರೆ ಕಾಣದವರಿಗೂ ಹೆಮ್ಮೆ.

ಅವರು ರಜೆಯಲ್ಲಿ ಊರಿಗೆ ಬಂದವರು ಒಂದು ದಿನ ಕಾರು ಮಾಡಿಕೊಂಡು ನೇರ ಶಿರಿಯಕ್ಕೆ ಬಂದರು. ಗುರಿಕಾರರ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಎಳನೀರಿನ ಬೊಂಡ ಕೆತ್ತಿ ಕೊಟ್ಟರೆ ಕುಡಿದರು. ಮೀನು ಹಿಡಿಯುವವರ ಅಂಗಳದಲ್ಲಿ ಭಟ್ಟರೊಬ್ಬರು ಬೊಂಡ ಕುಡಿದದ್ದನ್ನು ನೋಡಿಯೇ ಅರ್ಧ ಊರು ಕರಗಿತು. ಉಳಿದರ್ಧ ಅವರ ಬಾಯಿಂದ ತುಳು ಕೇಳಿ ಕರಗಿತು. ಮಂಜನನ್ನು ಅವರು ಕರೆಸಲೇ ಇಲ್ಲ. "ಅವನಿಗೆ ಒಬ್ಬಳು ಅಕ್ಕ ಇದ್ದಾಳಂತಲ್ಲ, ಅವಳನ್ನು ಬರಹೇಳಿ" ಎಂದರು. ಯಾರ ಮಾತು ಯಾರಲ್ಲಿ ನಡೆಯುತ್ತದೆಂದು ಕೇಳಿ ತಿಳಿದುಕೊಂಡೇ ಬಂದಿದ್ದರು.

ಅಮ್ಮಣಿ ಸೆರಗಿಗೆ ಕೈ ಒರೆಸುತ್ತ ಬಂದು ದೂರ ನಿಂತಳು.

"ಹತ್ತಿರ ಬಾ ಅಮ್ಮಣಿ. ಒಂದು ಕೇಳ್ತೇನೆ. ನಿಮ್ಮ ಬೊಬ್ಬರ್ಯನ ಎದುರು ಒಂದು ತಕರಾರು ಬಂದರೆ ನೀವು ಎಂತ ಮಾಡ್ತೀರಿ?"

ಬೊಬ್ಬರ್ಯ ಕಡಲ ದೈವ. ಶಿರಿಯದವರಿಗೆ ಅವನ ಕಟ್ಟೆಯೇ ದೊಡ್ಡ ನ್ಯಾಯಸ್ಥಾನ. ಅಮ್ಮಣಿ ಥಟ್ಟನೆ ಹೇಳಿದಳು, "ತಪ್ಪುಕಾಣಿಕೆ ಇಡ್ತೇವೆ ಸ್ವಾಮಿ, ಎಲೆಯ ಮೇಲೆ ದುಡ್ಡು."

"ತಪ್ಪು ಮಾಡಿದವನೇ ಇಡಬೇಕೋ?"

"ಹಾಗೆಂತ ಇಲ್ಲ. ಮಾಡಿದವ ಯಾರೂಂತ ಗೊತ್ತಾಗದೆ ಊರಿಗೆ ಊರೇ ಜಗಳಾಡುವಾಗ ಒಬ್ಬ ದೊಡ್ಡ ಮನಸ್ಸಿನವ ಮುಂದೆ ಬಂದು, ತಪ್ಪು ನನ್ನದೇ ಅಂತ ಹೇಳಿ ಇಡುವುದುಂಟು. ನಮ್ಮ ಅಜ್ಜ ಇಟ್ಟಿದ್ದರು, ಹರಿದ ಬಲೆಯ ಜಗಳದಲ್ಲಿ. ಅವರು ಬಲೆ ಮುಟ್ಟಿರಲಿಲ್ಲ."

"ಇಟ್ಟ ಮೇಲೆ?"

"ಇಟ್ಟ ಮೇಲೆ ಮುಗೀತು. ಮತ್ತೆ ಆ ಮಾತು ಯಾರೂ ಎತ್ತುವ ಹಾಗಿಲ್ಲ. ಇಟ್ಟವನಿಗೆ ದೈವದ ಪ್ರಸಾದ ಮೊದಲು."

ದೊಡ್ಡ ವಕೀಲರು ಸಮುದ್ರದ ಕಡೆ ನೋಡಿದರು. "ಈ ಕೇಸು ಹೀಗೇ ಎಳೆದರೆ ವರ್ಷಗಟ್ಟಲೆ ಎಳೆಯುತ್ತದೆ. ದೊಡ್ಡವರ ಜಗಳ. ನಡುವೆ ನಿನ್ನ ತಮ್ಮ ನುಚ್ಚಾಗ್ತಾನೆ. ಕೋರ್ಟು ಕೂಡ ನ್ಯಾಯದ ಸ್ಥಾನವೇ ಅಲ್ಲವೋ ಅಮ್ಮಣಿ? ಅಲ್ಲಿಯೂ ತಪ್ಪು ಒಪ್ಪಿಕೊಂಡವರ ಕೇಸು ಆ ದಿವಸವೇ ಮುಗಿಯುತ್ತದೆ." ಅಷ್ಟು ಹೇಳಿ ಎದ್ದು, ಗುರಿಕಾರರ ಹೆಗಲು ತಟ್ಟಿ, ಕಾರು ಹತ್ತಿದರು. ಉಳಿದದ್ದನ್ನೆಲ್ಲ ಅಮ್ಮಣಿ ತಾನೇ ಪೂರ್ತಿಮಾಡಿಕೊಂಡಳು. ಚಾಣಾಕ್ಷ ಮನುಷ್ಯ. ತಾನು ಒಂದು ಸುಳ್ಳನ್ನೂ ಆಡದೆ, ಅವಳ ಬಾಯಿಂದಲೇ ಎಲ್ಲ ಆಡಿಸಿ ಹೋಗಿಬಿಟ್ಟಿದ್ದರು.

ಮಂಜನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ಅಕ್ಕ, ಕದ್ದದ್ದು ಅವನಲ್ಲವಾ?" ಎಂದು ಕೇಳಿದ್ದನ್ನೇ ಕೇಳುತ್ತಿದ್ದ. ಅಮ್ಮಣಿ ಅತ್ತಳು, ಕರೆದಳು, ಅಜ್ಜನ ಕಥೆ ಹೇಳಿದಳು, ನಿನಗೆ ವರ್ಷಗಟ್ಟಲೆ ಕೋರ್ಟು ಅಲೆಯುವ ಗ್ರಹಚಾರ ಬಂದರೆ ಕಿನ್ನಿಯನ್ನು ಯಾರ ಮನೆಗೆ ಕೊಡಲಿ ಎಂದಳು. ದೊಡ್ಡ ವಕೀಲರೇ ಹೇಳಿದ ಮೇಲೆ ಕಣ್ಣುಮುಚ್ಚಿ ನಂಬಬಹುದು ಎಂದು ಅಡಿಗಡಿಗೆ ಹೇಳಿದಳು. ಮಾತಿನಲ್ಲಿ ಅವಳನ್ನು ಗೆದ್ದವರು ಯಾರಿದ್ದಾರೆ? ಕೊನೆಗೆ ಮಂಜ, "ಆಗಲಿ, ನೀನು ಹೇಳಿದ ಹಾಗೆ" ಎಂದ.

ಕಾಸರಗೋಡಿನ ಕೋರ್ಟಿನಲ್ಲಿ ಹೆಸರು ಕೂಗುವವನು ಹೊನ್ನಯ್ಯ. ಕುಂಬಳೆಯವನು, ಅಮ್ಮಣಿಯ ಹಳೆಯ ಗಿರಾಕಿ. ಅವನು ಮಂಜನ ಹೆಸರು ಕೂಗಿದಾಗ ಮಂಜ ಒಗೆದ ಬಿಳಿ ಮುಂಡು ಉಟ್ಟು, ಹಣೆಗೆ ಗಂಧ ಹಚ್ಚಿಕೊಂಡು ಕಟಕಟೆಗೆ ಹೋದ. ದೈವದ ಎದುರು ನಿಲ್ಲುವ ಹಾಗೆಯೇ ಕೈಮುಗಿದ. "ತಪ್ಪಾಯಿತು. ಅಕ್ಕಿಯ ತಪ್ಪು ನನ್ನದೇ. ಬೇರೆ ಯಾರದ್ದೂ ಇಲ್ಲ." ಆಮೇಲೆ ಸೊಂಟದಿಂದ ಒಂದು ವೀಳ್ಯದೆಲೆ ತೆಗೆದು, ಅದರ ಮೇಲೆ ಒಂದು ನಾಣ್ಯ ಇಟ್ಟು, ಕಟಕಟೆಯ ಮರದ ಮೇಲೆ ಮೆಲ್ಲನೆ ಇಟ್ಟ.

ಕೋರ್ಟು ನಕ್ಕಿತು. ವಕೀಲರು ನಕ್ಕರು, ಗುಮಾಸ್ತರು ನಕ್ಕರು, ಹೊರಗಿನ ಸ್ಥಳದಿಂದ ಬಂದ ಮ್ಯಾಜಿಸ್ಟ್ರೇಟರು ಇದೇನು ಲಂಚವೋ ಎಂದು ಕೇಳಿ ಅವರೂ ನಕ್ಕರು. ಹೊನ್ನಯ್ಯ ನಗಲಿಲ್ಲ. ಎಲೆಯನ್ನೂ ನಾಣ್ಯವನ್ನೂ ಎತ್ತಿ ಮಂಜನ ಕೈಗೆ ಹಿಂದಕ್ಕೆ ಕೊಟ್ಟು, "ಇದು ಇಲ್ಲಿ ನಡೆಯುವುದಿಲ್ಲ ತಮ್ಮ" ಎಂದ. ಬಾಗಿಲ ಬಳಿ ನಿಂತಿದ್ದ ಅಮ್ಮಣಿ ಅದನ್ನು ಕಂಡಳು.

ಒಂದೂವರೆ ವರ್ಷದ ಕಠಿಣ ಸಜೆ. ಜನರ ಅನ್ನ ಕದ್ದವನಿಗೆ ಕರುಣೆ ತೋರಿಸಬಾರದೆಂದು ಮ್ಯಾಜಿಸ್ಟ್ರೇಟರು ಹೇಳಿದರಂತೆ. ಜನಾರ್ದನನ ಮೇಲಿನ ಕೇಸನ್ನು ದೊಡ್ಡ ವಕೀಲರ ಅಭಿಪ್ರಾಯದಂತೆ ಸರಕಾರ ಹಿಂದಕ್ಕೆ ತೆಗೆದುಕೊಂಡಿತು. ತಪ್ಪಿತಸ್ಥನೇ ತುಂಬಿದ ಕೋರ್ಟಿನಲ್ಲಿ ಒಪ್ಪಿಕೊಂಡ ಮೇಲೆ ಇನ್ನೊಬ್ಬರನ್ನು ಎಳೆದಾಡುವುದು ನ್ಯಾಯವೇ ಎಂದು ಮಂತ್ರಿಗಳು ಸಭೆಯಲ್ಲಿ ಎದೆ ತಟ್ಟಿ ಕೇಳಿದರು. ನ್ಯಾಯವಂತೆ, ನ್ಯಾಯ!

ಮಂಜನನ್ನು ಕೈಕೋಳ ಹಾಕಿ ರೈಲು ಹತ್ತಿಸುವಾಗ ಅವನು ಅಕ್ಕನ ಮುಖ ನೋಡಿದ. ಬೈಯಲಿಲ್ಲ. "ಹಿಂದಿನ ಮಾಡು ಸೋರುತ್ತದೆ, ಮಳೆಗೆ ಮೊದಲು ಹೊದೆಸು" ಎಂದ ಅಷ್ಟೆ.

ತಿಂಗಳುಗಳ ನಂತರ, ದೊಡ್ಡ ವಕೀಲರು ಊರಿಗೆ ಬಂದಿದ್ದಾರೆಂದು ಕೇಳಿ ಅಮ್ಮಣಿ ಒಣಮೀನಿನ ಬುಟ್ಟಿ ಹೊತ್ತು ಬೋವಿಕಾನದವರೆಗೆ ಬಸ್ಸಿನಲ್ಲಿ ಹೋದಳು. ಅಲ್ಲಿನ ಅಂಗಡಿಯೊಂದರಲ್ಲಿ ಬುಟ್ಟಿ ಬಿಟ್ಟಳು; ಭಟ್ಟರ ಮನೆಗೆ ಮೀನಿನ ಬುಟ್ಟಿ ಹಿಡಿದು ಹೋಗುವುದಕ್ಕುಂಟೇ? ತೋಡಿನಲ್ಲಿ ಕೈಕಾಲು ಉಜ್ಜಿ ಉಜ್ಜಿ ತೊಳೆದು, ಗುಡ್ಡ ಹತ್ತಿ ಇಳಿದು, ಬಿಸಿಲು ನೆತ್ತಿಗೇರುವಾಗ ಅವರ ಅಂಗಳದ ಅಂಚಿಗೆ ಮುಟ್ಟಿದಳು. ವಕೀಲರ ಹೆಂಡತಿ ಈಶ್ವರಿಯಮ್ಮ ಬೊಗಸೆಗೆ ಮೇಲಿನಿಂದ ಮಜ್ಜಿಗೆ ಹೊಯ್ದರು.

ದೊಡ್ಡ ವಕೀಲರು ಜಗಲಿಗೆ ಬಂದು ನಿಂತರು. ಅವಳನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು, ಅಥವಾ ಬೇಕಾದ ಹಾಗೆ ಮಾಡಿದರು.

"ಸ್ವಾಮಿ, ಮುಗೀತದೆ ಅಂತ ಹೇಳಿದ್ದಿರಿ."

"ಮುಗಿಯಲಿಲ್ಲವೋ? ಆ ದಿವಸವೇ ಮುಗಿಯಿತಲ್ಲ ಕೇಸು."

"ತಮ್ಮನನ್ನು ಜೈಲಿಗೆ ಹಾಕಿದರು ಸ್ವಾಮಿ."

"ಜೈಲು ಆಗುವುದಿಲ್ಲ ಅಂತ ನಾನು ಹೇಳಿದೆನೋ ಅಮ್ಮಣಿ? ನೆನಪು ಮಾಡಿ ನೋಡು."

ಅಮ್ಮಣಿ ನೆನಪು ಮಾಡಿ ನೋಡಿದಳು. ಅವರು ಹೇಳಿರಲಿಲ್ಲ. ಹೇಳಿದವಳು ತಾನು. ಕೇಳಿಕೊಂಡವನು ಮಂಜ. ಬೊಗಸೆಯಿಂದ ಮಜ್ಜಿಗೆ ಮೊಣಕೈಗೆ ಇಳಿಯುತ್ತಿತ್ತು. ಈಶ್ವರಿಯಮ್ಮ ಗಂಡನ ಮುಖವನ್ನೂ ನೋಡದೆ ಅವಳ ಮುಖವನ್ನೂ ನೋಡದೆ ಚೆಂಬು ಹಿಡಿದುಕೊಂಡು ಒಳಗೆ ಹೋದರು. ಆ ಗುಡ್ಡವನ್ನು ಹೇಗೆ ಇಳಿದಳೋ ಅಮ್ಮಣಿಗೆ ತಿಳಿಯದು. ಬೋವಿಕಾನದ ಅಂಗಡಿಯಲ್ಲಿ ಬಿಟ್ಟ ಬುಟ್ಟಿಯನ್ನು ಮರೆತು ಬಂದಿದ್ದಳು.

ಮಂಜ ಸಜೆ ಮುಗಿಸಿ ಬಂದ. ಅರ್ಧ ಆಳಾಗಿದ್ದ. ಜೈಲಿನಿಂದ ಒಂದು ಕೆಮ್ಮು ತಂದಿದ್ದ. ಅದು ಶುರುವಾದರೆ ನಿಲ್ಲಲು ಅವನು ಗೋಡೆ ಹಿಡಿಯಬೇಕಾಗುತ್ತಿತ್ತು. ಯಾವ ದೋಣಿಯವರೂ ಅವನನ್ನು ತಂಡೇಲನನ್ನಾಗಿ ಕರೆಯಲಿಲ್ಲ. ಅಕ್ಕಿ ಕಳ್ಳನೆಂದು ಎದುರಿಗೆ ಯಾರೂ ಅನ್ನಲಿಲ್ಲ, ಊರು ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಕಿನ್ನಿಯನ್ನು ನೋಡಲು ಬರುತ್ತೇವೆಂದಿದ್ದ ಉಪ್ಪಳದ ಕಡೆಯವರು ಮಳೆ ಕಳೆಯಲಿ ಎಂದರು, ಮಳೆ ಕಳೆದ ಮೇಲೆ ಏನೂ ಅನ್ನಲಿಲ್ಲ. ಮಂಜ ದಡದಲ್ಲಿ ಕೂತು ಇತರರ ಹರಿದ ಬಲೆ ಹೆಣೆಯುತ್ತಿದ್ದ.

ಅಷ್ಟರಲ್ಲಿ ರಾಜಧಾನಿಯಲ್ಲಿ ಮತ್ತೆ ಗಲಾಟೆ ಎದ್ದಿತು. ಮಂತ್ರಿಯ ಭಾವನನ್ನು ಉಳಿಸಲು ಸರಕಾರದ ದೊಡ್ಡ ವಕೀಲರೇ ಆರೋಪಿಯ ಮನೆಯವರನ್ನು ಹುಡುಕಿಕೊಂಡು ಹೋಗಿದ್ದರೆಂದು ಪತ್ರಿಕೆಯಲ್ಲಿ ಬಂತು. ಅದನ್ನು ಅಗೆದು ತೆಗೆದವನು ಬೋವಿಕಾನದ ಕೃಷ್ಣಕುಮಾರ ಎಂಬ ತರುಣ, ವಿರೋಧ ಪಕ್ಷದ ಕಾರ್ಯಕರ್ತ. ದೊಡ್ಡ ವಕೀಲರ ಮನೆಗೆಂದು ಹೋದ ಅಮ್ಮಣಿ ಮರೆತು ಬಂದ ಬುಟ್ಟಿಯ ಕಥೆಯನ್ನು ಅಂಗಡಿಯಲ್ಲಿ ಕೇಳಿಯೇ ಅವನು ಶಿರಿಯದ ದಾರಿ ಹಿಡಿದಿದ್ದ. ಸರಕಾರಕ್ಕೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಒಬ್ಬ ನಿವೃತ್ತ ನ್ಯಾಯಾಧೀಶರನ್ನು ವಿಚಾರಣೆಗೆ ನೇಮಿಸಿತು. ಅವರು ಕಾಸರಗೋಡಿನ ಪ್ರವಾಸಿ ಬಂಗಲೆಯಲ್ಲಿ ಸಾಕ್ಷಿ ಕೇಳುವುದೆಂದಾಯಿತು.

"ಅಮ್ಮಣಿಯಕ್ಕ, ನೀವು ನಡೆದದ್ದನ್ನು ಹೇಳಿದರೆ ಸಾಕು. ಮಂಜಣ್ಣನೂ ಹೇಳಬೇಕು, ಆ ಒಪ್ಪಿಗೆ ಸುಳ್ಳು ಅಂತ. ಆಗ ಕಳ್ಳ ಯಾರು ಅಂತ ಇಡೀ ದೇಶಕ್ಕೆ ಗೊತ್ತಾಗುತ್ತದೆ," ಎಂದ ಕೃಷ್ಣಕುಮಾರ.

ಎಷ್ಟೋ ಕಾಲದ ನಂತರ ಅಮ್ಮಣಿಯ ಗಂಟಲು ಮೊದಲಿನ ಹಾಗೆ ತೆರೆಯಿತು. ತಮ್ಮನ ಹೆಸರು ತೊಳೆಯುತ್ತದೆ. ಕಿನ್ನಿಗೆ ಗಂಡು ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತಾನು ಮಾಡಿದ್ದನ್ನು ತಾನೇ ಬಿಡಿಸಬಹುದು. ಮಂಜ ಹೂಂ ಎಂದಿದ್ದ.

ವಿಚಾರಣೆಯ ದಿನ ಬೆಳಿಗ್ಗೆ ಅಮ್ಮಣಿ ಸಾಕ್ಷಿ ಹೇಳಿದಳು. ಅಂಗಳ, ಕುರ್ಚಿ, ಬೊಂಡ, ಬೊಬ್ಬರ್ಯ, ತಪ್ಪುಕಾಣಿಕೆ, ಒಂದನ್ನೂ ಬಿಡಲಿಲ್ಲ. ದೊಡ್ಡ ವಕೀಲರು ತಮ್ಮ ಪರವಾಗಿ ತಾವೇ ಎದ್ದು ಪ್ರಶ್ನೆ ಕೇಳಿದರು, ಅದೇ ಮೃದು ದನಿಯಲ್ಲಿ.

"ಸುಳ್ಳು ಹೇಳಬೇಕೆಂದು ನಾನು ನಿನ್ನ ತಮ್ಮನಿಗೆ ಹೇಳಿದೆನೋ?"

"ಇಲ್ಲ. ಅವನನ್ನು ನೀವು ಕರೆಸಲೇ ಇಲ್ಲ."

"ನಿನಗೆ ಹೇಳಿದೆನೋ?"

"ಬಾಯಿಬಿಟ್ಟು ಹೇಳಲಿಲ್ಲ."

"ಹಾಗಾದರೆ ಕೋರ್ಟಿನಲ್ಲಿ ಹೀಗೆ ಹೇಳು ಎಂದು ಅವನಿಗೆ ಹೇಳಿಕೊಟ್ಟವರು ಯಾರು?"

"ನಾನೇ. ನನ್ನ ಇದೇ ಬಾಯಿ," ಎಂದಳು ಅಮ್ಮಣಿ. ನಿಜ ಹೇಳುವುದೆಂದರೆ ಪೂರ್ತಿ ಹೇಳಬೇಕೆಂದು ಅವಳ ಲೆಕ್ಕ. ಹಾಗೆ ಹೇಳಿದರೆ ತನ್ನ ಮಾತಿಗೆ ತೂಕ ಬರುತ್ತದೆಂದು ತಿಳಿದಿದ್ದಳು. ದೊಡ್ಡ ವಕೀಲರು ತಲೆಯಾಡಿಸಿ ಕೂತರು.

ಮಧ್ಯಾಹ್ನ ಊಟಕ್ಕೆ ಬಿಟ್ಟರು. ಮಂಜನ ಸರದಿ ಊಟದ ನಂತರ. ಅಮ್ಮಣಿ ಹೊರಗೆ ಮಾವಿನ ಮರದಡಿ ಕೃಷ್ಣಕುಮಾರ ತಂದುಕೊಟ್ಟ ಅವಲಕ್ಕಿ ತಿನ್ನುತ್ತಿದ್ದಳು. ಹಿಂದಿನ ಜಗಲಿಯಲ್ಲಿ ಒಬ್ಬನೇ ಕೂತಿದ್ದ ಮಂಜನ ಹತ್ತಿರ ದೊಡ್ಡ ವಕೀಲರು ಹೋದದ್ದು ಅವಳಿಗೆ ಕಂಡಿತು. ಅವರು ಬಗ್ಗಿ, ಅವನ ಕಿವಿಯ ಹತ್ತಿರ, ಮೆಲ್ಲನೆ ಏನೋ ಹೇಳುತ್ತಿದ್ದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಬಗ್ಗಿದ್ದನ್ನು ಕಂಡು ಅಮ್ಮಣಿ ಏನು ತಿಳಿದಳು ಗೊತ್ತೇ? ತಮ್ಮನಲ್ಲಿ ಕ್ಷಮೆ ಕೇಳುತ್ತಿದ್ದಾರೆ ಎಂದು ತಿಳಿದಳು. ಪಾಪ, ಅವಳ ಕಣ್ಣು ತುಂಬಿತು. ಕೃಷ್ಣಕುಮಾರನಿಗೆ ತೋರಿಸುವ ಮೊದಲೇ ಅವರು ಒಳಗೆ ಹೋಗಿದ್ದರು. ಬಂಗಲೆಯ ಕೆಲಸಕ್ಕೆಂದು ಕೋರ್ಟಿನಿಂದ ಕಳಿಸಿದ್ದ ಹೊನ್ನಯ್ಯ ಬಾಗಿಲ ಬಳಿ ನೀರಿನ ಕೊಡ ಹಿಡಿದು ನಿಂತಿದ್ದ.

ಊಟದ ನಂತರ ಮಂಜ ಸಾಕ್ಷಿಗೆ ನಿಂತ. ನ್ಯಾಯಾಧೀಶರು ಕೇಳಿದರು. ಮಂಜ ಅಕ್ಕನ ಕಡೆ ಒಂದು ಸಲ ನೋಡಿದ, ಕೆಮ್ಮಿದ, ಗೋಡೆ ಹಿಡಿದ. "ಕೋರ್ಟಿನಲ್ಲಿ ನಾನು ಹೇಳಿದ್ದು ನಿಜ. ಅಕ್ಕಿ ಹೇರಿದ್ದು ನಾನೇ. ನನಗೆ ಯಾರೂ ಹೇಳಿಕೊಡಲಿಲ್ಲ. ಅಕ್ಕನಿಗೆ ನನ್ನ ಮೇಲೆ ಪ್ರೀತಿ, ಅದಕ್ಕೆ ಹಾಗೆಲ್ಲ ಹೇಳಿದ್ದಾಳೆ."

"ಮಂಜಾ!" ಎಂದು ಅಮ್ಮಣಿ ಕೂಗಿದ್ದು ರಸ್ತೆಗೂ ಕೇಳಿತು. ಅವಳನ್ನು ಹೊರಗೆ ಕಳಿಸಿದರು.

ದೊಡ್ಡ ವಕೀಲರ ನಡತೆಯಲ್ಲಿ ದೋಷ ಕಾಣುವುದಿಲ್ಲವೆಂದು ತೀರ್ಪಾಯಿತು. ಮಂತ್ರಿಗಳು ಮಂತ್ರಿಗಳಾಗಿಯೇ ಉಳಿದರು. ಜನಾರ್ದನ ಹೊಸ ದೋಣಿ ಕಟ್ಟಿಸಿದ. ದೊಡ್ಡ ವಕೀಲರನ್ನು ಸರಕಾರ ಇನ್ನೂ ಎತ್ತರದ, ನ್ಯಾಯ ಹೇಳುವ ಪೀಠಕ್ಕೇ ಕೂರಿಸಿತು. ಊರಿಗೆ ಬಂದಾಗ ಜನ ಹಾರ ಹಾಕಿದರು. ಕೃಷ್ಣಕುಮಾರ ಮತ್ತೆ ಶಿರಿಯದ ಕಡೆ ಬರಲಿಲ್ಲ; ಅವನ ಪಕ್ಷದವರು ಅವನನ್ನೇ ಮೂರ್ಖನೆಂದು ಬೈದರಂತೆ.

ಅಮ್ಮಣಿ ಆ ದಿನದಿಂದ ತಮ್ಮನೊಡನೆ ಮಾತು ಬಿಟ್ಟಳು. ಎಷ್ಟು ಆಡಿದರೂ ಮುಗಿಯದ ಬಾಯಿಗೆ ಬೀಗ ಬಿತ್ತು. ಕಾಣಿಕೆ ಇಟ್ಟ ಮೇಲೆ ಆ ಮಾತು ಎತ್ತಬಾರದೆಂಬ ಕಟ್ಟಿಗೆ ಅವನು ಅಂಜಿದನೇ, ಜನಾರ್ದನನ ಕೈಯಿಂದ ಏನಾದರೂ ತೆಗೆದುಕೊಂಡನೇ, ಏನೆಂದು ತಿಳಿಯಬೇಕು? ಅವಳಿಗೆ ತಿಳಿದದ್ದು ಒಂದೇ: ತುಂಬಿದ ಸಭೆಯಲ್ಲಿ ತಮ್ಮ ತನ್ನನ್ನು ಸುಳ್ಳಿಯನ್ನಾಗಿ ಮಾಡಿದ. ತನ್ನ ತಪ್ಪನ್ನು ಬಿಡಿಸಿಕೊಳ್ಳಲು ಇದ್ದ ಒಂದೇ ದಾರಿಯನ್ನು ಮುಚ್ಚಿದ. ಊಟಕ್ಕಾದರೆ, "ಕಿನ್ನಿ, ನಿನ್ನ ಮಾವನಿಗೆ ಗಂಜಿ ಆಯ್ತು ಅಂತ ಹೇಳು" ಎನ್ನುವಳು, ಮಾವ ಎರಡು ಮಾರು ದೂರದಲ್ಲಿ ಕೂತಿರುವಾಗಲೇ. ಅವನು ಉಂಡು, ಬಟ್ಟಲು ತೊಳೆದಿಟ್ಟು, ಹೊರಗೆ ಹೋಗುವನು.

ಒಂದು ದಿನ ಮಳೆ ಹಿಡಿದಿತ್ತು. ಒಲೆಯ ಎದುರು ಕೂತಿದ್ದ ಅಮ್ಮಣಿಯ ಹಿಂದೆ ಬಂದು ನಿಂತು ಮಂಜ, "ಅಕ್ಕ, ನಿನ್ನ ಹತ್ರ ಒಂದು ಮಾತು ಹೇಳಲಿಕ್ಕುಂಟು" ಎಂದ. ಅಮ್ಮಣಿ ಹಸಿ ಸೌದೆಯನ್ನು ಒಲೆಗೆ ನೂಕಿದಳು. ಹೊಗೆ ಎದ್ದಿತು. ಮಂಜನಿಗೆ ಕೆಮ್ಮು ಹತ್ತಿತು. ಕೆಮ್ಮು ನಿಲ್ಲುವವರೆಗೂ ಅವಳು ತಿರುಗಿ ನೋಡಲಿಲ್ಲ. ನಿಂತ ಮೇಲೆ ಎದ್ದು, ಕೊಡ ತೆಗೆದುಕೊಂಡು ಬಾವಿಗೆ ಹೋದಳು.

ಮಳೆ ಬಿಡದ ಆಟಿ ತಿಂಗಳಲ್ಲಿ ಅವನಿಗೆ ಜ್ವರ ಬಂತು. ಅಮ್ಮಣಿ ಕಷಾಯ ಮಾಡಿದಳು, ಗಂಜಿ ಬಸಿದಳು, ಬಟ್ಟೆ ಒಗೆದಳು. ಎಲ್ಲವನ್ನೂ ಕಿನ್ನಿಯ ಕೈಯಲ್ಲಿ ಕೊಟ್ಟಳು. ಗುಣವಾಗಲಿ, ಆಮೇಲೆ ಮಾತಾಡುತ್ತೇನೆ, ಎಂದು ಒಳಗೊಳಗೇ ನಿಶ್ಚಯಿಸಿಕೊಂಡಿದ್ದಳು ಕೂಡ. ಅವಳು ಒಣಮೀನು ಮಾರಲು ಹೋಗಿದ್ದ ಒಂದು ಮಧ್ಯಾಹ್ನ ಮಂಜ ಸತ್ತ. ಕಿನ್ನಿ ಒಬ್ಬಳೇ ಹತ್ತಿರ ಇದ್ದಳು.

ಬೊಜ್ಜದ ದಿನ, ಸತ್ತವನಿಗೆ ಕೊನೆಯ ಕ್ರಿಯೆಗಳನ್ನು ಮಾಡುವ ದಿನ, ನೆಂಟರಿಷ್ಟರು ಸೇರಿದ್ದರು. ಹೊನ್ನಯ್ಯನೂ ಬಂದ. ಬಾವಿಕಟ್ಟೆಯ ಹತ್ತಿರ ಅಮ್ಮಣಿಯನ್ನು ಕಂಡು, ಅತ್ತಿತ್ತ ನೋಡಿ, ತಲೆ ತಗ್ಗಿಸಿಕೊಂಡು ಹೇಳಿದ.

"ಅಮ್ಮಣಿ, ನಾನು ಇಷ್ಟು ದಿವಸ ಹೇಳಲಿಲ್ಲ. ಸರಕಾರದ ಅನ್ನ ತಿನ್ನುವವ ನಾನು, ಹೆದರಿಕೆ. ಆವತ್ತು ಬಂಗಲೆಯಲ್ಲಿ ಭಟ್ರು ಅವನ ಹತ್ರ ಹೇಳಿದ್ದು ನನಗೆ ಕೇಳಿದೆ."

ಅಮ್ಮಣಿ ನೀರು ಸೇದುತ್ತಿದ್ದ ಹಗ್ಗ ಹಿಡಿದೇ ಅವನ ಕಡೆ ತಿರುಗಿದಳು.

"'ನಿನ್ನ ಅಕ್ಕ ಈಗ ನ್ಯಾಯಾಧೀಶರ ಎದುರು ತಾನೇ ಹೇಳಿದ್ದಾಳೆ, ಕೋರ್ಟಿನಲ್ಲಿ ಹೇಳಿಸಿದ್ದು ತಾನು ಅಂತ. ನೀನು ಆ ಒಪ್ಪಿಗೆ ಸುಳ್ಳು ಅಂದರೆ, ಸುಳ್ಳು ಹೇಳಿಸಿದ ಅಪರಾಧ ಅವಳದ್ದಾಗುತ್ತದೆ. ಹೆಂಗಸರಿಗೂ ಜೈಲುಂಟು ಮಂಜ. ಜೈಲು ಹೇಗೂಂತ ನಿನಗೆ ಗೊತ್ತುಂಟಲ್ಲ' ಅಂತ ಹೇಳಿದರು. ಅವ, 'ಅಕ್ಕನನ್ನು ಬಿಟ್ಟುಬಿಡಿ' ಅಂತ ಅಷ್ಟೆ ಹೇಳಿದ."

ಅಮ್ಮಣಿ ಕೈಯಲ್ಲಿದ್ದ ಹಗ್ಗವನ್ನು ಬಿಟ್ಟಳು. ಕೊಡಪಾನ ಬಾವಿಗೆ ಬಿತ್ತು.

ಒಳಗೆ ಎಲೆ ಹಾಕಿ ಆಗಿತ್ತು. ಸತ್ತವನಿಗೆಂದು ಕೋಣೆಯಲ್ಲಿ ಬಡಿಸಿ, ಮನೆಯ ಹಿರಿಯ ಹೆಂಗಸು ಹೆಸರು ಹಿಡಿದು ಊಟಕ್ಕೆ ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಕರೆದ ಮೇಲೆ ಯಾರೂ ಸದ್ದು ಮಾಡಬಾರದು, ಉಣ್ಣಲು ಬಂದವನು ಹೆದರಿ ಹೋಗುತ್ತಾನೆ. ಗುರಿಕಾರರು ಅಮ್ಮಣಿಯನ್ನು ಕರೆಸಿದರು. ಅವಳು ಎಲೆಯ ಎದುರು ನಿಂತಳು. ಅವನಿಗಿಷ್ಟವಾದ ಬಂಗುಡೆಯ ಹುಳಿಖಾರ, ಪುಳಿಮುಂಚಿ, ಬಡಿಸಿದ್ದರು. ಅನ್ನದಿಂದ ಹಬೆ ಏಳುತ್ತಿತ್ತು. ಎಲ್ಲರೂ ಕಾದರು.

"ಕರೆ, ಅಮ್ಮಣಿ," ಎಂದರು ಗುರಿಕಾರರು.

ಅನ್ನ ಆರತೊಡಗಿತು. ಆಮೇಲೆ ಮೆಲ್ಲನೆ, "ಮಂಜಾ, ಊಟಕ್ಕೆ ಬಾ" ಎಂದಳು. ಬಂಗಲೆಯಲ್ಲಿ ಕೂಗಿದ ಮೇಲೆ ಅವನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು.

"ಸಾಕು, ಬಾ, ಬಾಗಿಲು ಹಾಕುವ," ಎಂದರು.

ಅಮ್ಮಣಿ ಕದಲಲಿಲ್ಲ. "ಮಂಜಾ, ಬಾ ತಮ್ಮ. ಆ ಮಾತು ಎಂತದು ಹೇಳು, ಕೇಳ್ತೇನೆ. ಬಾ." ದನಿ ಏರುತ್ತ ಹೋಯಿತು. ಹೊಳೆಯ ಆಚೆ ದಡಕ್ಕೆ ಕೇಳುವ ಹಾಗೆ ಅವಳು ಕರೆಯತೊಡಗಿದಳು. ಹಾಗೆ ಕೂಗಬಾರದು, ಅವ ಬರುವುದಿಲ್ಲ ಎಂದು ಹೆಂಗಸರು ಬಾಯಿ ಮುಚ್ಚಲು ನೋಡಿದರು, ರಟ್ಟೆ ಹಿಡಿದು ಹೊರಗೆಳೆದರು. ಗುರಿಕಾರರು ಬಾಗಿಲು ಹಾಕಿದರು. ಮುಚ್ಚಿದ ಬಾಗಿಲಿಗೆ ಹಣೆ ಕೊಟ್ಟು ಅವಳು ಕರೆಯುತ್ತಲೇ ಇದ್ದಳು, ಊಟಕ್ಕೆ ಬಂದವರು ಒಬ್ಬೊಬ್ಬರಾಗಿ ಅಂಗಳಕ್ಕೆ ಇಳಿದು ನಿಂತರು.